ಪರಸ್ಥಳದವನೂ ನಮ್ಮ ಧರ್ಮಕೇಂದ್ರವೂ
(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸಮಿತಿಯವರು ನಮಗೆ ಅಪ್ಪಣೆ ಮಾಡಿದ್ದಾರೆ. ಇಂಥ ಸಮಾರಂಭಗಳಲ್ಲಿ ಹಿರಿಯರ ತ್ಯಾಗವನ್ನು ನೆನೆಯುವುದು ವಾಡಿಕೆ, ಅದು ಯೋಗ್ಯವೂ ಹೌದು. ಗಂಟೆಗೋಪುರ ಕಟ್ಟಿದವರನ್ನು, ಶಾಲೆಗೆ ಭೂಮಿ ಕೊಟ್ಟವರನ್ನು, ಬರಗಾಲದಲ್ಲಿ ಗಂಜಿ ಕಾಸಿ ಹಂಚಿದವರನ್ನು ಇತರ ಭಾಷಣಕಾರರು ಈಗಾಗಲೇ ಸ್ಮರಿಸಿದ್ದಾರೆ. ಹಬ್ಬದ ದಿನ ಮನುಷ್ಯನು ಹೊಸ ಬಟ್ಟೆ ತೊಟ್ಟು ಕನ್ನಡಿಯ ಮುಂದೆ ನಿಲ್ಲುತ್ತಾನೆ. ಹಾಗೆ ನಿಂತಾಗ ಬಟ್ಟೆಯ ಜೊತೆಗೆ ಮುಖವೂ ಕಾಣುತ್ತದೆ. ಇಂದು ನಾವು ಆ ಮುಖದ ವಿಷಯವಾಗಿ ಮಾತನಾಡಲು ಇಚ್ಛಿಸುತ್ತೇವೆ. ಅಪ್ರಿಯವೆನಿಸಿದರೆ ಕ್ಷಮಿಸಬೇಕು.

ನಮ್ಮ ದೇವಾಲಯದ ಎಡಬದಿಯ ಕೊನೆಯ ಎರಡು ಬೆಂಚುಗಳನ್ನು ತಾವೆಲ್ಲ ಬಲ್ಲಿರಿ. ಕೆಲವು ವರ್ಷಗಳಿಂದ ಅಲ್ಲಿ ಜಾರ್ಖಂಡದ ಹತ್ತು ಹನ್ನೆರಡು ಜನ ತರುಣರು ಕೂಡ್ರುತ್ತಿದ್ದಾರೆ. ಗುಮ್ಲಾ, ಸಿಮ್ಡೇಗಾ ಜಿಲ್ಲೆಗಳಿಂದ ಬಂದವರು. ರಸ್ತೆಯ ಕೆಲಸಕ್ಕೂ ಕಟ್ಟಡದ ಕೆಲಸಕ್ಕೂ ಗುತ್ತಿಗೆದಾರನೊಡನೆ ನಮ್ಮ ಕಡೆಗೆ ಬಂದಿದ್ದಾರೆ. 1885ರಲ್ಲಿ ಬೆಲ್ಜಿಯಂ ದೇಶದ ಕಾನ್‌ಸ್ಟಂಟ್ ಲೀವೆನ್ಸ್ ಎಂಬ ಯೇಸುಸಭೆಯ ಗುರುಗಳು ಛೋಟಾನಾಗಪುರದ ಬೆಟ್ಟಗಾಡಿಗೆ ಹೋಗಿ, ಜಮೀನುದಾರರ ಕೈಯಲ್ಲಿ ಭೂಮಿ ಕಳೆದುಕೊಳ್ಳುತ್ತಿದ್ದ ಮುಂಡಾ, ಉರಾಂವ್ ಜನರ ಪರವಾಗಿ ನಿಂತರು. ಅಲ್ಲಿ ಬೆಳೆದ ವಿಶ್ವಾಸದ ಮಕ್ಕಳು ಇವರು. ನಮ್ಮ ಕನ್ನಡ ಇವರಿಗೆ ಬಾರದು, ಇವರ ಭಾಷೆ ನಮಗೆ ಬಾರದು. ಆದರೆ ಬಲಿಪೂಜೆಯಲ್ಲಿ ಯಾವಾಗ ಮೊಣಕಾಲೂರಬೇಕು, ಯಾವಾಗ ಎದ್ದು ನಿಲ್ಲಬೇಕು ಎಂಬುದು ಇವರಿಗೆ ನಮಗಿಂತ ಚೆನ್ನಾಗಿ ಗೊತ್ತು.

2025ನೆಯ ಇಸವಿಯ ಏಪ್ರಿಲ್ 13, ಗರಿಗಳ ರವಿವಾರ. ಅಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಹೆಣ್ಣುಮಗುವೊಂದು ಅಪಹರಣಕ್ಕೊಳಗಾಗಿ ಕೊಲೆಯಾಯಿತು. ಆ ಸುದ್ದಿಯನ್ನು ಕೇಳಿ ಕರುಳು ಕಿವುಚಿಕೊಳ್ಳದ ತಾಯಿ ನಮ್ಮ ಜಿಲ್ಲೆಯಲ್ಲಿ ಇರಲಿಲ್ಲ. ಆರೋಪಿ ಬಿಹಾರದ ಪಾಟ್ನಾ ಕಡೆಯಿಂದ ಬಂದ ಕೂಲಿಕಾರನೆಂದು ತಿಳಿದುಬಂದಿತು. ಅದೇ ದಿನ ಅವನು ಪೊಲೀಸರ ಗುಂಡಿಗೆ ಬಲಿಯಾದನು. ಆ ಮಗುವಿನ ಸಾವು ಕ್ಷಮೆಗೆ ಮೀರಿದ ಕ್ರೌರ್ಯ ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಮುಂದೆ ನಾವು ಹೇಳುವ ಯಾವ ಮಾತನ್ನೂ ಆ ದುಃಖವನ್ನು ಕಡಿಮೆ ಮಾಡುವ ಮಾತೆಂದು ತಿಳಿಯಬಾರದು.

ಆದರೆ ಆ ವಾರ ನಮ್ಮ ಸುತ್ತಲಿನ ಊರುಗಳಲ್ಲಿ ದುಃಖವು ಬೇರೆ ರೂಪ ತಾಳಿತು. ಚಹದಂಗಡಿಗಳಲ್ಲಿ, ಬಸ್ ನಿಲ್ದಾಣಗಳಲ್ಲಿ, ಮೊಬೈಲಿನ ಗುಂಪುಗಳಲ್ಲಿ ಒಬ್ಬನ ಹೆಸರು ಹೋಗಿ ಒಂದು ಪ್ರಾಂತದ ಹೆಸರು ಬಂದಿತು. "ಹೊರಗಿನವರು" ಎಂಬ ಶಬ್ದ ಹುಟ್ಟಿತು. ನಮ್ಮ ಈ ತರುಣರು ಇದ್ದ ತಗಡಿನ ಶೆಡ್ಡಿಗೆ ಒಂದು ಸಂಜೆ ಏಳೆಂಟು ಜನ ಹೋಗಿ, ಯಾವ ಅಧಿಕಾರವೂ ಇಲ್ಲದೆ, ಚೀಟಿ ತೋರಿಸಿರೆಂದು ಗದರಿಸಿದರಂತೆ. ಒಬ್ಬನ ಕಪಾಳಕ್ಕೆ ಹೊಡೆದರಂತೆ. ಇದು ನಮಗೆ ತಿಳಿದದ್ದು ಬಹಳ ದಿನಗಳ ಮೇಲೆ. ಶುಭ ಶುಕ್ರವಾರ ಆ ಎರಡು ಬೆಂಚುಗಳು ಬರಿದಾಗಿದ್ದವು. ಪಾಸ್ಖ ಹಬ್ಬದ ರಾತ್ರಿಯೂ ಬರಿದಾಗಿದ್ದವು. ಬಂಧುಗಳೇ, ನಮ್ಮಲ್ಲಿ ಒಬ್ಬರೂ ಅವರೇಕೆ ಬರಲಿಲ್ಲವೆಂದು ಕೇಳಲಿಲ್ಲ. ಜಾಗ ಖಾಲಿಯಿದೆಯೆಂದು ನಮ್ಮವರೇ ಹೋಗಿ ಅಲ್ಲಿ ಕುಳಿತರು.

ಗರಿಗಳ ರವಿವಾರ ಯೇಸುಸ್ವಾಮಿಯ ಪಾಡುಗಳ ವೃತ್ತಾಂತವನ್ನು ಓದುವಾಗ ಜನಸಮೂಹದ ಮಾತುಗಳನ್ನು ಯಾರು ಆಡುತ್ತಾರೆ? ಓದುವವರಲ್ಲ, ನಾವು. ಬೆಂಚುಗಳಲ್ಲಿ ನಿಂತ ನಾವೇ ಒಕ್ಕೊರಲಿನಿಂದ ಅವನನ್ನು ಶಿಲುಬೆಗೇರಿಸಬೇಕೆಂದು ಕೂಗುತ್ತೇವೆ. ಧರ್ಮಸಭೆ ಆ ಪಾತ್ರವನ್ನು ನಮಗೇ ಕೊಟ್ಟದ್ದು ಸುಮ್ಮನೆ ಅಲ್ಲ. ಗುಂಪು ಎಂದರೆ ಯಾರೋ ದೂರದ ದುಷ್ಟರಲ್ಲ. ಗರಿ ಹಿಡಿದು ಬಂದ ಕೈಗಳೇ ಕಲ್ಲನ್ನೂ ಹಿಡಿಯಬಲ್ಲವು ಎಂಬ ಎಚ್ಚರಿಕೆ ಅದರಲ್ಲಿದೆ.

ಈಗ ನಮ್ಮ ಧರ್ಮಕೇಂದ್ರದ ಹುಟ್ಟನ್ನು ನೆನೆಯೋಣ. 1880ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆ ಈ ಎರೆಭೂಮಿಯ ಮೇಲೆ ಹಳಿ ಹಾಸಿತು. ಹುಬ್ಬಳ್ಳಿಯಲ್ಲಿ ಕಾರ್ಖಾನೆ ಎದ್ದಿತು. ಗದಗಿನ ದಾರಿಯಲ್ಲಿ ಅಣ್ಣಿಗೇರಿಗೂ ಹಾವೇರಿಯ ದಾರಿಯಲ್ಲಿ ಕುಂದಗೋಳಕ್ಕೂ ಉಗಿಬಂಡಿ ಬಂದಿತು. ಆ ಬಂಡಿಯ ಬೆನ್ನಿಗೆ ಬಂದವರು ಯಾರು? ತಮಿಳು ನಾಡಿನ ಗ್ಯಾಂಗಮನ್ನರು, ತೆಲುಗು ಸೀಮೆಯ ಮಣ್ಣು ಹೊರುವವರು, ಗೋವೆಯ ದರ್ಜಿಗಳು, ಅಡಿಗೆಯವರು, ವಾದ್ಯದವರು, ಇಂಜಿನ್ ನಡೆಸುವ ಆಂಗ್ಲೋ ಇಂಡಿಯನ್ನರು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾಗುವುದಕ್ಕೆ ಎಷ್ಟೋ ಮೊದಲೇ ಇವರ ಬಿಡಾರಗಳಲ್ಲಿ ಜಪಸರದ ಧ್ವನಿ ಕೇಳಿಬರುತ್ತಿತ್ತು. ನಮ್ಮ ದೀಕ್ಷಾಸ್ನಾನದ ಹಳೆಯ ದಫ್ತರವನ್ನು ಶತಮಾನೋತ್ಸವದ ನಿಮಿತ್ತ ತೆರೆದು ನೋಡಿದೆವು. ಮೊದಲ ಪುಟಗಳಲ್ಲಿ ತಂದೆಯ ಊರು ಎಂಬ ಕಾಲಮಿನಲ್ಲಿ ಈ ಜಿಲ್ಲೆಯ ಹೆಸರು ಅಪರೂಪ. ನಮ್ಮ ಅಜ್ಜಂದಿರು ಇಲ್ಲಿಗೆ ಬಂದಾಗ ಅವರ ಉಡುಪು ಬೇರೆ, ಊಟ ಬೇರೆ, ಮಾತು ಬೇರೆ, ದೇವರ ಪೂಜೆಯೂ ಬೇರೆ. ಈ ಸೀಮೆಯ ಒಕ್ಕಲಿಗರು ಅವರನ್ನು ಕಳ್ಳರೆಂದು ಬಗೆದು ಹೊಡೆದಟ್ಟಬಹುದಿತ್ತು. ಹಾಗೆ ಮಾಡಲಿಲ್ಲ. ಬಾವಿಯ ನೀರಿಗೆ ಕೆಲವು ದಿನ ತಕರಾರಾಯಿತಂತೆ. ಆಮೇಲೆ ಜೋಳದ ರೊಟ್ಟಿಯ ರುಚಿ ಹತ್ತಿತು. ನಾವು ಇಂದು ಧಾರವಾಡದ ಕನ್ನಡದಲ್ಲಿ ಜಗಳವಾಡುತ್ತೇವೆ, ಧಾರವಾಡದ ಕನ್ನಡದಲ್ಲಿ ಪ್ರಾರ್ಥಿಸುತ್ತೇವೆ. ಆ ಬಂದವರ ಮೊಮ್ಮಕ್ಕಳು ನಾವು.

ಈ ಮಾತು ನಮ್ಮ ಸಮುದಾಯಕ್ಕೆ ಮಾತ್ರ ಸಲ್ಲುವುದೆಂದು ತಿಳಿಯಬೇಡಿ. ಅಣ್ಣಿಗೇರಿಯನ್ನು ಆದಿಕವಿ ಪಂಪನ ತಾಯಿಯ ತವರೆಂದು ನಾವೆಲ್ಲ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಪಂಪನ ತಂದೆಯ ಮನೆತನವೋ ತೆಲುಗು ಸೀಮೆಯ ವೆಂಗಿನಾಡಿನದು. ನವಲಗುಂದದ ಜಮಖಾನಕ್ಕೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದನ್ನು ನೇಯುವ ಮನೆತನಗಳ ಹಿರಿಯರು ಬಿಜಾಪುರದಿಂದ ವಲಸೆ ಬಂದವರೆಂದು ಅವರಲ್ಲಿಯೇ ಪ್ರತೀತಿ ಇದೆ. ಹುಬ್ಬಳ್ಳಿಯ ಸಿದ್ಧಾರೂಢರು ಬೀದರ ಸೀಮೆಯಿಂದ ಅಲೆಯುತ್ತ ಬಂದವರು. ಕಲಘಟಗಿಯ ಕಾಡಂಚಿನ ಗೌಳಿಗರೂ ಸಿದ್ದಿಗಳೂ ಒಂದು ಕಾಲದಲ್ಲಿ ಬೇರೆಡೆಯಿಂದ ಬಂದವರೇ. ಇವರನ್ನೆಲ್ಲ ಕಳೆದರೆ ಧಾರವಾಡ ಜಿಲ್ಲೆಯೆಂದು ಹೇಳಿಕೊಳ್ಳಲು ಏನು ಉಳಿದೀತು?

ಇನ್ನೊಂದು ಕಥೆಯನ್ನು ನೆನೆಯಿರಿ. 1933ರಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬನು ಸಂಗೀತದ ಹುಚ್ಚಿನಿಂದ ಗದಗಿನ ಮನೆಯನ್ನು ಬಿಟ್ಟು ಓಡಿದನು. ಚೀಟಿಯಿಲ್ಲದೆ ರೈಲು ಹತ್ತಿ, ಸಹಪ್ರಯಾಣಿಕರಿಗೆ ಹಾಡು ಕೇಳಿಸಿ, ಅವರು ಕೊಟ್ಟದ್ದನ್ನು ತಿಂದು, ಗ್ವಾಲಿಯರಕ್ಕೂ ಕಲಕತ್ತೆಗೂ ಅಲೆದನು. ಕೊನೆಗೆ ತಂದೆ ಅವನನ್ನು ಪಂಜಾಬಿನ ಜಲಂಧರದಲ್ಲಿ ಕಂಡುಹಿಡಿದರು. ಆ ಹುಡುಗನೇ ಮುಂದೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಪಾದದಡಿಯಲ್ಲಿ ಕಲಿತು ಭೀಮಸೇನ ಜೋಶಿಯಾದದ್ದು. ಗುರುತಿಲ್ಲದ, ಭಾಷೆ ಬಾರದ ಹುಡುಗನಿಗೆ ಯಾರೋ ಒಂದು ತುತ್ತು ಹಾಕಿದರು. ಯಾರೂ ಕಟ್ಟಿಹಾಕಿ ಹೊಡೆಯಲಿಲ್ಲ. ಇಂದು ನಮ್ಮ ಸಂತೆಯಲ್ಲಿ ಅಂಥ ಹುಡುಗನೊಬ್ಬ ಅಲೆಯುತ್ತ ಬಂದರೆ ನಾವು ಅವನ ಹಾಡನ್ನು ಕೇಳುವೆವೋ, ಅವನ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚುವೆವೋ?

ನಮ್ಮ ಜನರೂ ಪರಸ್ಥಳಕ್ಕೆ ಹೋಗುತ್ತಾರೆಂಬುದನ್ನು ಮರೆಯಲಾಗದು. ಮಳೆ ಕೈಕೊಟ್ಟ ವರ್ಷ ನವಲಗುಂದದ, ಕಲಘಟಗಿಯ ಎಷ್ಟು ಮನೆಗಳಿಗೆ ಬೀಗ ಬೀಳುತ್ತದೆ! ಗೋವೆಯ ಕಟ್ಟಡಗಳಲ್ಲಿ, ಮಂಗಳೂರಿನ ರಸ್ತೆಗಳಲ್ಲಿ, ಬೆಂಗಳೂರಿನ ತಗಡಿನ ಶೆಡ್ಡುಗಳಲ್ಲಿ ಕಲ್ಲು ಹೊರುವವರು ನಮ್ಮ ತಾಲೂಕುಗಳವರು. ಗೋವೆಯಲ್ಲಿ ನಮ್ಮವರನ್ನು "ಘಾಟಿ"ಗಳೆಂದು ಕರೆಯುತ್ತಾರೆ. ಘಟ್ಟದ ಮೇಲಿನವನೆಂಬುದು ಅದರ ಅರ್ಥ. ಆದರೆ ಅದನ್ನು ಆಡುವ ಧಾಟಿಯಲ್ಲಿ ಅರ್ಥ ಬೇರೆಯಾಗಿರುತ್ತದೆ. 2004ರ ಜೂನ್ ತಿಂಗಳಲ್ಲಿ, ಮಳೆಗಾಲದ ಹೊಸ್ತಿಲಲ್ಲಿ, ವಾಸ್ಕೋ ಬಳಿಯ ಬಾಯ್ನಾ ಕಡಲತೀರದ ಗುಡಿಸಲುಗಳನ್ನು ಸರಕಾರ ನೆಲಸಮ ಮಾಡಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡಿಗರು ಬಹಳ ಜನ. ಅದಕ್ಕೂ ಮೊದಲು, 1966ರಲ್ಲಿ ಮುಂಬಯಿಯಲ್ಲಿ ಶಿವಸೇನೆ ಹುಟ್ಟಿದ ಮೇಲಿನ ವರ್ಷಗಳಲ್ಲಿ, ದಕ್ಷಿಣದವರೆಂಬ ಒಂದೇ ಕಾರಣಕ್ಕೆ ಉಡುಪಿಯವರ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಆಗ ನಮಗೆ ನೋವಾಯಿತು, ಅನ್ಯಾಯವೆಂದೆವು. ಕಲ್ಲು ನಮ್ಮ ಕೈಯಲ್ಲಿರುವಾಗ ಅದೇ ಶಬ್ದ ನಮ್ಮ ಬಾಯಿಗೆ ಬಾರದಿದ್ದರೆ ಹೇಗೆ?

ನಮ್ಮ ನಾಡಿನಲ್ಲಿ ಆ ಕಲ್ಲು ಬಿದ್ದಿಲ್ಲವೆಂದು ಹೇಳುವಂತಿಲ್ಲ. 1991ರ ಡಿಸೆಂಬರಿನಲ್ಲಿ, ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್ಟಿನಲ್ಲಿ ಪ್ರಕಟವಾದ ಮೇಲೆ, ಬೆಂಗಳೂರಿನಲ್ಲಿ ತಮಿಳು ಕೂಲಿಕಾರರ ಗುಡಿಸಲುಗಳಿಗೆ ಬೆಂಕಿ ಬಿದ್ದಿತು, ಜೀವಗಳು ಹೋದವು, ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿ ಗಡಿ ದಾಟಿದವು. ನದಿಯ ನೀರನ್ನು ಹಂಚಿದವರು ಆ ಗುಡಿಸಲುಗಳಲ್ಲಿ ಇರಲಿಲ್ಲ. 2012ರ ಆಗಸ್ಟ್‌ನಲ್ಲಿ ಅಸ್ಸಾಮಿನ ಗಲಭೆಯ ಬೆನ್ನಿಗೆ ಮೊಬೈಲಿನಲ್ಲಿ ಹರಡಿದ ಬೆದರಿಕೆಯ ಮಾತುಗಳಿಂದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ಗಾಡಿಗಳನ್ನು ಬಿಡಬೇಕಾಯಿತು. ಅಲ್ಲಿ ಕತ್ತಿ ಹಿಡಿದು ಅಟ್ಟಿದವರಿಗಿಂತ ಗಾಳಿಮಾತನ್ನು ಅಟ್ಟಿದವರೇ ಹೆಚ್ಚು.

2018ರ ಬೇಸಿಗೆಯಲ್ಲಿ "ಮಕ್ಕಳ ಕಳ್ಳರು ಬಂದಿದ್ದಾರೆ" ಎಂಬ ಸುದ್ದಿ ಹಬ್ಬಿತು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿ ರಾಜಸ್ಥಾನದಿಂದ ಬಂದ 26 ವರ್ಷದ ತರುಣನನ್ನು ಹಗ್ಗದಿಂದ ಕಟ್ಟಿ ಹೊಡೆದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನಪಾಡಾ ಎಂಬಲ್ಲಿ ಸಂತೆಯ ದಿನ ಭಿಕ್ಷೆಗೆ ಬಂದ ನಾಥಪಂಥಿ ದವರಿ ಗೋಸಾವಿಗಳು ಐವರನ್ನು ಪಂಚಾಯತಿ ಕಚೇರಿಯಲ್ಲಿ ಕೂಡಿಹಾಕಿ ಕೊಂದರು. ಅವರಲ್ಲಿ ಹೆಚ್ಚಿನವರು ಸೋಲಾಪುರ ಜಿಲ್ಲೆಯ ಮಂಗಳವೇಢೆ ಕಡೆಯವರು. ಬಸವಣ್ಣನವರು ಕರಣಿಕರಾಗಿದ್ದ ಊರೆಂದು ಕನ್ನಡಿಗರು ಗೌರವಿಸುವ ಮಂಗಳವೇಢೆ. ಜುಲೈ 13ರಂದು ನಮ್ಮದೇ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಶಾಲೆಯ ಮಕ್ಕಳಿಗೆ ಚಾಕೊಲೇಟು ಹಂಚಿದರೆಂಬ ತಪ್ಪಿಗೆ, ಹೈದರಾಬಾದಿನ ಕಡೆಯಿಂದ ಕಾರಿನಲ್ಲಿ ಬಂದವರನ್ನು ಅಡ್ಡಗಟ್ಟಿ ಹೊಡೆದರು. ಒಬ್ಬನು ಸತ್ತನು, ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಮತ್ತೆ 2025ರ ಏಪ್ರಿಲ್ 27ರಂದು, ಹುಬ್ಬಳ್ಳಿಯ ಘಟನೆಯಾಗಿ ಎರಡೇ ವಾರಕ್ಕೆ, ಮಂಗಳೂರಿನ ಹೊರವಲಯದ ಕುಡುಪುವಿನಲ್ಲಿ ಕ್ರಿಕೆಟ್ ಆಟದ ಬಯಲಿನಲ್ಲಿ ಕೇರಳದ ವಯನಾಡಿನ ಬಡವನೊಬ್ಬ ಗುಂಪಿನ ಹೊಡೆತಕ್ಕೆ ಬಲಿಯಾದನು. ಇವರಲ್ಲಿ ಯಾರೂ ಯಾವ ಮಗುವನ್ನೂ ಕದ್ದವರಲ್ಲ.

2018ರಲ್ಲಿ ಊರೂರು ಸುತ್ತಿದ ಒಂದು ಚಲನಚಿತ್ರದ ತುಣುಕನ್ನು ತಮ್ಮಲ್ಲಿ ಅನೇಕರು ನೋಡಿರಬಹುದು. ಮೋಟಾರು ಸೈಕಲ್ಲಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ ಅದರಲ್ಲಿದೆ. ಅದು ನಮ್ಮ ದೇಶದ್ದೇ ಅಲ್ಲ. ಮಕ್ಕಳ ಮೇಲೆ ಕಣ್ಣಿಡಿರೆಂದು ತಂದೆತಾಯಿಗಳಿಗೆ ತಿಳಿಹೇಳಲು ಕರಾಚಿಯಲ್ಲಿ ತೆಗೆದ ಚಿತ್ರ ಅದು. ಕೊನೆಯಲ್ಲಿ ಆ ಇಬ್ಬರೂ ಮಗುವನ್ನು ತಂದು ಬಿಟ್ಟು ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಉಳಿದದ್ದನ್ನು ಹಂಚಿದರು. ಸತ್ಯದ ಬಾಲವನ್ನು ಕತ್ತರಿಸಿದರೆ ಅದು ಸುಳ್ಳಾಗುತ್ತದೆ. ಆ ಸುಳ್ಳು ಮನುಷ್ಯರನ್ನು ಕೊಂದಿತು. ಅದೇ ಜುಲೈಯಲ್ಲಿ ವಾಟ್ಸಾಪ್ ಸಂಸ್ಥೆ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಾಗಿ ಕಳಿಸದಂತೆ ಕಟ್ಟು ಹಾಕಿತು. ಯಂತ್ರಕ್ಕೆ ಕಟ್ಟು ಬಿದ್ದಿತು. ನಾಲಗೆಗೆ ಕಟ್ಟು ಹಾಕುವವರು ನಾವೇ ಆಗಬೇಕು.

ಇಂಥ ಹಿಂಸೆ ಬಡವರ ಓಣಿಗಳಲ್ಲಿಯೇ ಹೆಚ್ಚಾಗಿ ಏಕೆ ನಡೆಯುತ್ತದೆ? ಬಡವರು ಹೆಚ್ಚು ಕ್ರೂರರೆಂದಲ್ಲ. ಎತ್ತರದ ಗೋಡೆಯ ಮನೆಯವನ ಮಗು ಗೋಡೆಯೊಳಗೆ ಆಡುತ್ತದೆ. ಬೆಳಗಾಗುವ ಮೊದಲೇ ಮೆಣಸಿನಕಾಯಿ ಬಿಡಿಸಲು ಹೋಗುವ ತಾಯಿಯ ಮಗು ಬೀದಿಯಲ್ಲಿ ಆಡುತ್ತದೆ. ಅವಳ ಭಯ ನಿಜವಾದದ್ದು. ಠಾಣೆಗೆ ಹೋದರೆ ತನ್ನ ಮಾತಿಗೆ ಬೆಲೆಯಿಲ್ಲವೆಂಬ ಅನುಭವವೂ ನಿಜವಾದದ್ದು. ಇದರ ಮೇಲೆ ಕೂಲಿಯ ಪ್ರಶ್ನೆ ಬೇರೆ. ಗುತ್ತಿಗೆದಾರನು ದೂರದಿಂದ ಆಳುಗಳನ್ನು ಏಕೆ ತರುತ್ತಾನೆ? ಅವರು ಕೆಲಸದ ಜಾಗದಲ್ಲಿಯೇ ಮಲಗುತ್ತಾರೆ, ಹಬ್ಬಕ್ಕೆ ಊರಿಗೆ ಹೋಗುವುದಿಲ್ಲ, ಕೊಟ್ಟಷ್ಟನ್ನು ತೆಗೆದುಕೊಳ್ಳುತ್ತಾರೆ. ಊರಿನ ಕೂಲಿಕಾರನು ತನ್ನ ಪಗಾರ ಇಳಿದದ್ದನ್ನು ಕಾಣುತ್ತಾನೆ. ಸಿಟ್ಟು ಬರುವುದು ಸಹಜ. ಆದರೆ ಗುತ್ತಿಗೆದಾರನು ಕೈಗೆ ಸಿಗುವುದಿಲ್ಲ, ಆಳು ಸಿಗುತ್ತಾನೆ. ಹೀಗೆ ಒಬ್ಬ ಬಡವನ ಕೈಯಿಂದ ಇನ್ನೊಬ್ಬ ಬಡವನ ತಲೆ ಒಡೆಯುತ್ತದೆ. ಆಮೇಲೆ ಸತ್ತವನ ಮನೆಯೂ ಹಾಳು, ಜೈಲಿಗೆ ಹೋದವನ ಮನೆಯೂ ಹಾಳು.

ಮಕ್ಕಳ ರಕ್ಷಣೆಯೇ ನಮ್ಮ ನಿಜವಾದ ಚಿಂತೆಯಾಗಿದ್ದರೆ ಇನ್ನೊಂದು ಕಹಿ ಸತ್ಯವನ್ನೂ ನುಂಗಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕಡೆ ಆರೋಪಿಯು ಮಗುವಿಗೆ ಪರಿಚಿತನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರದ ವರದಿಗಳು ವರ್ಷವರ್ಷವೂ ಹೇಳುತ್ತ ಬಂದಿವೆ. ನೆರೆಯವನು, ನೆಂಟ, ಮನೆಗೆ ಬಂದು ಹೋಗುವವನು. ಊರ ಅಗಸೆಯಲ್ಲಿ ಬಡಿಗೆ ಹಿಡಿದು ಪರಸ್ಥಳದವನನ್ನು ಕಾಯುತ್ತ ನಿಂತಾಗ ನಮ್ಮ ಬೆನ್ನು ಮನೆಯ ಕಡೆಗೆ ತಿರುಗಿರುತ್ತದೆ.

ಅಲೆಮಾರಿಯೆಂದರೆ ಕಳ್ಳನೆಂಬ ಬುದ್ಧಿ ನಮ್ಮಲ್ಲಿ ತಾನಾಗಿ ಬಲಿತದ್ದಲ್ಲ. ಅದಕ್ಕೆ ಒಂದು ಕಾಲದಲ್ಲಿ ಕಾಯ್ದೆಯ ಬೆಂಬಲವೇ ಇತ್ತು. 1871ರಲ್ಲಿ ಬ್ರಿಟಿಷ್ ಸರಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಮಾಡಿ ಜಾತಿ ಜಾತಿಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಬರೆದಿಟ್ಟಿತು. ಹುಬ್ಬಳ್ಳಿಯಲ್ಲಿಯೂ ಗದಗಿನಲ್ಲಿಯೂ ಇಂದಿಗೂ "ಸೆಟ್ಲಮೆಂಟ್" ಎಂದು ಕರೆಯುವ ಜಾಗಗಳಿವೆ. ಆ ಹೆಸರು ಬಂದದ್ದು ಹೀಗೆ: ಅಲೆಮಾರಿ ಕುಟುಂಬಗಳನ್ನು ಬೇಲಿಯೊಳಗೆ ಇಟ್ಟು, ಹಾಜರಿ ತೆಗೆದುಕೊಂಡು, ಚೀಟಿಯಿಲ್ಲದೆ ಹೊರಗೆ ಹೋಗದಂತೆ ನೋಡಿಕೊಳ್ಳುತ್ತಿದ್ದರು. 1952ರಲ್ಲಿ ಆ ಕಾಯ್ದೆ ರದ್ದಾಯಿತು. ನಮ್ಮ ಮನಸ್ಸಿನೊಳಗಿನ ಬೇಲಿ ಮಾತ್ರ ನಿಂತೇ ಇದೆ. ರೈನಪಾಡಾದಲ್ಲಿ ಸತ್ತ ಐವರು ಅಂಥದೇ ಬೇಲಿಗೆ ಸಿಕ್ಕವರು.

ಈಗ ನಮ್ಮದೊಂದು ಪಾಪನಿವೇದನೆ. 2018ರ ಆ ದಿನಗಳಲ್ಲಿ ನಾವು ಮೂವರು, ಒಬ್ಬ ಹಿರಿಯರ ಮಣ್ಣಿಗೆ ಹೋಗಿ ಮರಳುವಾಗ, ಕುಂದಗೋಳ ತಾಲೂಕಿನ ಒಂದು ಊರಿನಲ್ಲಿ ಸಂತೆಯ ಜನರ ನಡುವೆ ಸಿಕ್ಕಿಕೊಂಡೆವು. ಪಿನ್ನು, ಸೂಜಿ, ಬಳೆ ಮಾರುವ ಇಬ್ಬರು ಹೆಂಗಸರನ್ನು ಗುಂಪು ಮುತ್ತಿತ್ತು. ಅವರ ಬಳಿ ಇದ್ದ ಒಂದು ಎಳೆಯ ಮಗು ಅವರಿಗಿಂತ ಬೆಳ್ಳಗಿತ್ತು, ಅಷ್ಟೇ ಅಪರಾಧ. ಒಬ್ಬನು ಮಗುವನ್ನು ಕಸಿದುಕೊಂಡಿದ್ದನು. ಇನ್ನೊಬ್ಬನು ಆ ತಾಯಿಯ ಜಡೆಯನ್ನು ಹಿಡಿದಿದ್ದನು. ಮೊಬೈಲುಗಳು ಮೇಲೆದ್ದಿದ್ದವು. ನಾವು ಮೂವರೂ ಓದಿದವರು, ಊರಿನಲ್ಲಿ ನಾಲ್ಕು ಜನ ಮಾತು ಕೇಳುವವರು, ಕಿಸೆಯಲ್ಲಿ ಜಪಸರವಿದ್ದವರು. ನಾವು ಗುಂಪಿನ ಅಂಚಿನಲ್ಲಿ ನಿಂತೆವು. "ನಮಗ್ಯಾಕ ಬೇಕು" ಎಂದು ಒಬ್ಬರಿಗೊಬ್ಬರು ಪಿಸುಗುಟ್ಟಿಕೊಂಡೆವು.

ಆಗ ಮೆಣಸಿನಕಾಯಿ ಮಾರಲು ಕುಳಿತಿದ್ದ ಒಬ್ಬ ಮುದುಕಿ ಎದ್ದು ಬಂದಳು. ನಮ್ಮ ಧರ್ಮದವಳಲ್ಲ, ಅವಳ ಹೆಸರೂ ನಮಗೆ ತಿಳಿಯದು. ಜಡೆ ಹಿಡಿದವನ ಮುಂದೆ ನಿಂತು ಕೇಳಿದಳು: "ಏ ತಮ್ಮಾ, ಮದಲ ಕೈ ತಗಿ. ನೀ ಕಣ್ಣಿಲೆ ಕಂಡೀಯೇನು, ಯಾರರ ಹೇಳಿದ್ದು ಕೇಳೀಯೇನು?" ಅವನು ಉತ್ತರ ಕೊಡಲಿಲ್ಲ. ಅವಳು ಮಗುವನ್ನು ಹಿಡಿದವನ ಕಡೆಗೆ ತಿರುಗಿದಳು: "ಕೂಸಿನ್ನ ಕೆಳಗ ಬಿಡಪಾ. ಅದು ಯಾರ ಕಡೆ ಓಡತೈತಿ ಎಲ್ಲಾರೂ ನೋಡೂಣು." ಮಗುವನ್ನು ಕೆಳಗೆ ಬಿಟ್ಟರು. ಅದು ಅಳುತ್ತ ಓಡಿಹೋಗಿ ಆ ಹೆಂಗಸಿನ ಸೀರೆಯನ್ನು ಅವುಚಿಕೊಂಡಿತು. ಗುಂಪಿನಲ್ಲಿ ಒಬ್ಬೊಬ್ಬರಾಗಿ ಜಾರತೊಡಗಿದರು. ಮುದುಕಿ ಆ ತಾಯಿಯನ್ನು ತನ್ನ ಚೀಲದ ಮೇಲೆ ಕುಳ್ಳಿರಿಸಿ ನೀರು ಕೊಟ್ಟಳು.

ಸೊಲೊಮೋನ ಅರಸನ ನ್ಯಾಯವನ್ನು ನಾವು ಎಷ್ಟು ಸಲ ಕೇಳಿಲ್ಲ! ಅದನ್ನು ಕಣ್ಣಾರೆ ಕಂಡ ದಿನ ನಾವು ನಾಚಿಕೆಯಿಂದ ತಲೆ ತಗ್ಗಿಸಿ ಬಸ್ಸು ಹತ್ತಿದೆವು. ಇಂದಿನವರೆಗೂ ಇದನ್ನು ಯಾರಿಗೂ ಹೇಳಿರಲಿಲ್ಲ. ಆ ದಿನದಿಂದ ನಾವು ಕಲಿತದ್ದು ಇಷ್ಟೇ: ಗುಂಪು ಕೊಲ್ಲುವುದಕ್ಕೆ ಬೇಕಾದದ್ದು ಹೊಡೆಯುವ ನಾಲ್ಕು ಜನ ಮತ್ತು ಸುಮ್ಮನೆ ನಿಲ್ಲುವ ನಾಲ್ಕು ನೂರು ಜನ. ಗುಂಪು ನಿಲ್ಲುವುದಕ್ಕೆ ಎಷ್ಟೋ ಸಲ ಒಂದು ಪ್ರಶ್ನೆ ಸಾಕು. ಕಣ್ಣಿಲೆ ಕಂಡವರು ಯಾರು?

ಕೆಲವರು ಆ ಮುದುಕಿಯ ಕೆಲಸ ಪೊಲೀಸರದೆಂದು ಹೇಳಬಹುದು. ಹೊರಗಿನಿಂದ ಬಂದವರ ದಾಖಲೆ ಇಡುವುದು ತಪ್ಪೇ ಎಂದು ಕೇಳಬಹುದು. ತಪ್ಪಲ್ಲ. ಕಾಯ್ದೆಯ ಪ್ರಕಾರ ಅಧಿಕಾರಿಗಳು ಕೂಲಿಕಾರರ ಹೆಸರನ್ನು ಬರೆದುಕೊಂಡರೆ ಕೂಲಿಕಾರನಿಗೂ ರಕ್ಷಣೆಯೇ. ಅವನು ಸತ್ತರೆ, ಗಾಯಗೊಂಡರೆ, ಪಗಾರ ಸಿಗದಿದ್ದರೆ ಕೇಳಲು ಆಧಾರವಾಗುತ್ತದೆ. ಆದರೆ ಓಣಿಯ ತರುಣರು ರಾತ್ರಿ ಶೆಡ್ಡಿಗೆ ನುಗ್ಗಿ ಚೀಟಿ ಕೇಳುವುದು ದಾಖಲೆಯಲ್ಲ, ದಾಂಧಲೆ. ಭಾರತದ ಯಾವ ಮೂಲೆಯಲ್ಲಿಯಾದರೂ ಓಡಾಡುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಪ್ರತಿಯೊಬ್ಬ ನಾಗರಿಕನಿಗೆ ಕೊಟ್ಟಿದೆ. ಗುಂಪು ಹತ್ಯೆಗಳನ್ನು ತಡೆಯಲು ಪ್ರತಿ ಜಿಲ್ಲೆಯಲ್ಲಿ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರನ್ನು ನೇಮಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2018ರ ಜುಲೈ 17ರಂದು ಆದೇಶಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103ನೆಯ ಕಲಮಿನಲ್ಲಿ, ಐದು ಅಥವಾ ಹೆಚ್ಚು ಜನ ಕೂಡಿ ಜಾತಿ, ಭಾಷೆ, ಹುಟ್ಟಿದ ಸ್ಥಳ ಮುಂತಾದ ಕಾರಣದಿಂದ ಕೊಲೆ ಮಾಡಿದರೆ ಅವರಲ್ಲಿ ಪ್ರತಿಯೊಬ್ಬನಿಗೂ ಮರಣದಂಡನೆ ಇಲ್ಲವೆ ಜೀವಾವಧಿ ಶಿಕ್ಷೆಯೆಂದು ಬರೆದಿದೆ. ಗುಂಪಿನಲ್ಲಿ ಹೊಡೆದರೆ ಯಾರಿಗೂ ಗೊತ್ತಾಗದೆಂದು ತಿಳಿದ ನಮ್ಮ ತರುಣರಿಗೆ ಇದನ್ನು ಮನೆಯಲ್ಲಿಯೇ ಹೇಳಬೇಕು.

ಇನ್ನು ಕೆಲವರು, ಹುಬ್ಬಳ್ಳಿಯಲ್ಲಿ ಆರೋಪಿ ನಿಜವಾಗಿಯೂ ಹೊರಗಿನವನೇ ಆಗಿದ್ದನಲ್ಲವೇ ಎನ್ನುವರು. ಹೌದು. ಆದರೆ ಅಪರಾಧ ಮಾಡುವುದು ಮನುಷ್ಯ, ಪ್ರಾಂತವಲ್ಲ. ನಾಳೆ ನಮ್ಮ ಜಿಲ್ಲೆಯವನೊಬ್ಬ ಗೋವೆಯಲ್ಲಿ ಕೊಲೆ ಮಾಡಿದರೆ, ಅಲ್ಲಿ ಕಲ್ಲು ಹೊರುವ ನಮ್ಮ ತಂಗಿಯ ಮಗನನ್ನು ಹೊಡೆಯುವುದು ನ್ಯಾಯವೆಂದು ನಾವು ಒಪ್ಪುವೆವೇ?

ನಮ್ಮ ವಿಶ್ವಾಸದ ಮಾತು ಹೊಸದಾಗಿ ಹೇಳಬೇಕಾದದ್ದಲ್ಲ. ಯೇಸುಸ್ವಾಮಿಯ ಬಾಲ್ಯದ ಮೊದಲ ಪ್ರಯಾಣವೇ ಹೆರೋದನ ಕತ್ತಿಗೆ ಹೆದರಿ ಈಜಿಪ್ಟಿಗೆ ಓಡಿಹೋದ ಪ್ರಯಾಣ. ಸಂತ ಜೋಸೆಫರು ಅಲ್ಲಿ ಭಾಷೆ ಬಾರದ ಬಡಿಗರಾಗಿದ್ದರು. ಧರ್ಮಸಭೆ 1914ರಿಂದ ವಲಸಿಗರಿಗಾಗಿ ಪ್ರತಿವರ್ಷ ಒಂದು ದಿನವನ್ನು ಮೀಸಲಿಟ್ಟಿದೆ. ಇಟಲಿಯಿಂದ ಅರ್ಜೆಂಟೀನಾಕ್ಕೆ ವಲಸೆ ಹೋದ ಕುಟುಂಬದ ಮಗನಾದ ವಿಶ್ವಗುರು ಫ್ರಾನ್ಸಿಸರು, 2013ರ ಜುಲೈ 8ರಂದು ರೋಮಿನಿಂದ ಹೊರಗೆ ತಮ್ಮ ಮೊದಲ ಪ್ರಯಾಣ ಮಾಡಿದ್ದು ಲಾಂಪೆದೂಸಾ ದ್ವೀಪಕ್ಕೆ. ಸಮುದ್ರ ದಾಟುವಾಗ ಮುಳುಗಿ ಸತ್ತ ಪರದೇಶಿಗಳಿಗಾಗಿ ಪ್ರಾರ್ಥಿಸುವುದಕ್ಕೆ. ನಮ್ಮ ಆ ಬೆಂಚುಗಳು ಬರಿದಾಗಿದ್ದ ಪಾಸ್ಖ ಹಬ್ಬದ ಮರುದಿನ, 2025ರ ಏಪ್ರಿಲ್ 21ರಂದು, ಅವರು ಪ್ರಭುವಿನ ಸನ್ನಿಧಿ ಸೇರಿದರು. ಅವರಿಗಾಗಿ ನಾವು ಘಂಟೆ ಬಾರಿಸಿದೆವು. ಅವರು ಜೀವನವಿಡೀ ಹೇಳಿದವರನ್ನು ಮರೆತಿದ್ದೆವು.

ಆದುದರಿಂದ ಶತಮಾನೋತ್ಸವದ ಈ ವೇದಿಕೆಯಿಂದ ನಾಲ್ಕು ಸಣ್ಣ ಕೆಲಸಗಳನ್ನು ತಮ್ಮ ಮುಂದೆ ಇಡುತ್ತೇವೆ. ಮೊದಲನೆಯದು, ಮಕ್ಕಳ ಕಳ್ಳರ ಸುದ್ದಿ ಬಂದಾಗ ಅದನ್ನು ಮುಂದಕ್ಕೆ ಕಳಿಸದೆ 112ಕ್ಕೆ ಕರೆ ಮಾಡುವುದು. ಮಗುವಿಗೆ ನಿಜವಾಗಿ ಅಪಾಯವಿದ್ದರೆ 1098ಕ್ಕೆ ತಿಳಿಸುವುದು. ಎರಡನೆಯದು, ನಮ್ಮ ಸುತ್ತಲಿನ ಶೆಡ್ಡುಗಳಿಗೆ ತಿಂಗಳಿಗೊಮ್ಮೆಯಾದರೂ ಹೋಗಿ ಬರುವುದು. ಹೆಸರು ಗೊತ್ತಿರುವವನನ್ನು ಹೊಡೆಯುವುದು ಗುಂಪಿಗೂ ಕಷ್ಟ. ಮೂರನೆಯದು, ಬಲಿಪೂಜೆಯಲ್ಲಿ ತಿಂಗಳಿಗೊಂದು ವಾಚನವನ್ನು ಆ ತರುಣರ ಬಾಯಿಂದ ಹಿಂದಿಯಲ್ಲಿ ಓದಿಸುವುದು. ನಾಲ್ಕನೆಯದು, ತಾಯಂದಿರು ಹೊಲಕ್ಕೆ ಹೋದಾಗ ಓಣಿಯ ಮಕ್ಕಳು, ಊರಿನವರಾಗಲಿ ಶೆಡ್ಡಿನವರಾಗಲಿ, ನಮ್ಮ ಶಾಲೆಯ ಅಂಗಳದಲ್ಲಿ ನಮ್ಮ ಹಿರಿಯರ ಕಣ್ಣೆದುರಿನಲ್ಲಿ ಆಡುವಂತೆ ಏರ್ಪಾಡು ಮಾಡುವುದು. ಭಯದ ಬೇರು ಅಲ್ಲಿದೆ. ಮದ್ದೂ ಅಲ್ಲಿಯೇ ಆಗಬೇಕು.

ಕಲಘಟಗಿಯ ಬಣ್ಣದ ತೊಟ್ಟಿಲನ್ನು ತಾವೆಲ್ಲ ಬಲ್ಲಿರಿ. ನಾಡಿನ ಎಲ್ಲೆಲ್ಲಿಂದಲೋ ಜನ ಬಂದು ಅದನ್ನು ಕೊಂಡೊಯ್ಯುತ್ತಾರೆ. ಅದರಲ್ಲಿ ಮಲಗುವ ಕೂಸು ಯಾವ ಊರಿನದೆಂದು ತೊಟ್ಟಿಲು ಕೇಳುವುದಿಲ್ಲ. ನೂರು ವರ್ಷಗಳ ಹಿಂದೆ ಈ ಮಣ್ಣು ನಮ್ಮ ಅಜ್ಜಂದಿರನ್ನೂ ಹಾಗೆಯೇ ತೂಗಿತು.

ಬಂಧುಗಳೇ, ಆ ತರುಣರಲ್ಲಿ ಇಬ್ಬರು ಊರಿಗೆ ಹೋದವರು ಮರಳಲಿಲ್ಲ. ಉಳಿದವರು ಇಂದು ಇಲ್ಲಿಗೆ ಬಂದಿದ್ದಾರೆ, ವಾಡಿಕೆಯಂತೆ ಹಿಂದೆಯೇ ನಿಂತಿದ್ದಾರೆ. ಮಧ್ಯಾಹ್ನದ ಊಟದ ಪಂಕ್ತಿಯಲ್ಲಿ ಅವರ ಪಕ್ಕದಲ್ಲಿ ಯಾರು ಕೂಡ್ರುತ್ತಾರೆಂಬುದನ್ನು ನಾವು ನೋಡುತ್ತಿರುತ್ತೇವೆ. ಮೊದಲು ಆ ಮೂವರು, ಅಂದು ಗುಂಪಿನ ಅಂಚಿನಲ್ಲಿ ನಿಂತವರು, ಹೋಗಿ ಕೂಡ್ರುತ್ತೇವೆ.